ಹಣ್ಣು ತಿಂದ ಮೇಲೆ ಮಗುವಿಗೆ ವಾಂತಿ, ಬೆವರು, ಮಂಕು

ಎದೆಹಾಲಿನಲ್ಲಿ ಚೆನ್ನಾಗಿದ್ದ ಏಳು ತಿಂಗಳ ಮಗು ಹಣ್ಣಿನ ತಿರುಳು ಕೊಟ್ಟಾಗಲೆಲ್ಲ ವಾಂತಿ ಮಾಡಿ, ಬೆವರಿ, ಮಂಕಾಗುತ್ತಿದೆ ಎಂದರೆ ಮೊದಲು ಅನುಮಾನ ಪಡಬೇಕಾದದ್ದು ಆನುವಂಶಿಕ ಫ್ರಕ್ಟೋಸ್ ಅಸಹಿಷ್ಣುತೆಯನ್ನು, ಅಂದರೆ ಹಣ್ಣಿನ ಸಕ್ಕರೆಯಾದ ಫ್ರಕ್ಟೋಸನ್ನು ದೇಹ ಬಳಸಲಾಗದ ಹುಟ್ಟು ತೊಂದರೆಯನ್ನು. ಅಲರ್ಜಿಯೂ ಇರಬಹುದು, ಈ ಲಕ್ಷಣಗಳಷ್ಟರಿಂದಲೇ ಖಚಿತವಾಗಿ ಹೇಳಲಾಗದು. ಆದರೆ ಬೆವರು, ಮಂಕು ಎರಡೂ ರಕ್ತದ ಗ್ಲೂಕೋಸ್ ಕುಸಿದಾಗ ಬರುವಂಥವು. ಯಕೃತ್ತಿನಲ್ಲಿ ಫ್ರಕ್ಟೋಸ್ ಒಡೆಯುವ ಆಲ್ಡೋಲೇಸ್ ಬಿ ಕಿಣ್ವ ಕೆಲಸ ಮಾಡದಿದ್ದರೆ, ಫ್ರಕ್ಟೋಸ್‌ನಿಂದ ಉಂಟಾಗುವ ಫ್ರಕ್ಟೋಸ್-1-ಫಾಸ್ಫೇಟ್ ಅಲ್ಲೇ ತುಂಬಿಕೊಂಡು, ಗ್ಲೂಕೋಸ್‌ನ ದಾಸ್ತಾನಾಗಿ ಕೂಡಿಟ್ಟ ಗ್ಲೈಕೋಜನ್‌ನಿಂದ ಗ್ಲೂಕೋಸ್ ಹೊರಬರುವುದನ್ನು ತಡೆಯುತ್ತದೆ.

ಈಗಲೇ ಹಣ್ಣು, ಜ್ಯೂಸ್, ಜೇನು, ಸಕ್ಕರೆ ನಿಲ್ಲಿಸಿ. ಸಕ್ಕರೆಯಲ್ಲಿ ಅರ್ಧ ಫ್ರಕ್ಟೋಸೇ. ಎದೆಹಾಲು ಮುಂದುವರಿಸಿ, ಅದರಲ್ಲಿರುವುದು ಲ್ಯಾಕ್ಟೋಸ್, ಫ್ರಕ್ಟೋಸ್ ಅಲ್ಲ. ಹೆಚ್ಚಿನವರು ಎಡವುವುದು ಔಷಧದ ಸಿರಪ್‌ನಲ್ಲಿ: ಲೇಬಲ್ ಮೇಲೆ ಸುಕ್ರೋಸ್ (ಮಾಮೂಲಿ ಸಕ್ಕರೆ) ಅಥವಾ ಸಾರ್ಬಿಟಾಲ್ (ಸಿಹಿಗೆ ಸೇರಿಸುವ ಪದಾರ್ಥ) ಇದ್ದರೆ ಬೇಡ. ಸಾರ್ಬಿಟಾಲ್ ದೇಹದೊಳಗೆ ಫ್ರಕ್ಟೋಸ್ ಆಗುತ್ತದೆ, ಹಾಗಾಗಿ ‘ಶುಗರ್ ಫ್ರೀ’ ಎಂದಿದ್ದರೂ ನಂಬಬೇಡಿ.

ಆಮೇಲೆ ಮಕ್ಕಳ ವೈದ್ಯರ ಬಳಿ ಏನು ತಿಂದಾಗ, ಎಷ್ಟು ಹೊತ್ತಿಗೆ ಏನಾಯಿತು ಎಂದು ಬರೆದುಕೊಂಡು ಹೋಗಿ. ಯಕೃತ್ತು, ಮೂತ್ರಪಿಂಡದ ಪರೀಕ್ಷೆಗಳ ಜೊತೆ ಆಲ್ಡೋಲೇಸ್ ಬಿ ಕಿಣ್ವದ ಜೀನ್ ಆದ ಎಎಲ್‌ಡಿಒಬಿಯ (ALDOB) ಪರೀಕ್ಷೆ ಕೇಳಿ; ಪಥ್ಯ ಮಾಡಿದರೂ ಅದರ ಫಲಿತಾಂಶ ಬದಲಾಗದು. ಫ್ರಕ್ಟೋಸ್ ಕುಡಿಸಿ ಮಾಡುವ ಉಸಿರಿನ ಪರೀಕ್ಷೆಗೆ ಒಪ್ಪಬೇಡಿ. ಅದು ಕರುಳು ಫ್ರಕ್ಟೋಸ್ ಹೀರದ ಬೇರೆ ತೊಂದರೆಗೆ, ಇಲ್ಲಿ ಅಪಾಯ. ರೋಗ ಖಚಿತವಾದರೆ ವಿಟಮಿನ್ ಸಿ ಬೇರೆಯಾಗಿ ಕೊಡಬೇಕಾಗುತ್ತದೆ.

ಎಬ್ಬಿಸಿದರೂ ಏಳದಷ್ಟು ಮಂಪರು, ಫಿಟ್ಸ್, ಕಣ್ಣು ಹಳದಿಯಾಗುವುದು ಕಂಡರೆ ಅಪಾಯಿಂಟ್‌ಮೆಂಟ್‌ಗೆ ಕಾಯದೆ ತುರ್ತು ವಿಭಾಗಕ್ಕೆ ಹೋಗಿ. ‘ಫ್ರಕ್ಟೋಸ್ ಅಸಹಿಷ್ಣುತೆಯ ಅನುಮಾನವಿದೆ, ಡ್ರಿಪ್‌ನಲ್ಲಿ ಗ್ಲೂಕೋಸ್ ಮಾತ್ರ ಕೊಡಿ, ಫ್ರಕ್ಟೋಸ್, ಸಾರ್ಬಿಟಾಲ್ ಬೇಡ’ ಎಂದು ಮೊದಲೇ ಹೇಳಿ.