ಪ್ರತಿಕ್ರಿಯೆ: ಹೊಲಿಸಿದ ಕೌದಿಯ ಹಿಂಬದಿಯಲ್ಲಿ ದಾರದ ಕುಣಿಕೆ, ಅಂಚು ಅಲೆಅಲೆ

ಕೂಲಿ ಕೊಟ್ಟು ಹೊಲಿಸಿದ ಕೌದಿಯ ಹಿಂಬದಿಯಲ್ಲಿ ದಾರ ಕುಣಿಕೆಯಾಗಿದೆ, ಅಂಚು ಅಲೆಅಲೆಯಾಗಿದೆ, ತಪ್ಪು ಯಾರದು, ಏನು ಮಾಡಲಿ ಎಂದು ಕೇಳಿದ್ದೀರಿ. ಹಿಂಬದಿಯಲ್ಲಿ ಕುಣಿಕೆಯಾಗಿ ಕಾಣುವುದು ಮೇಲಿನ ದಾರವೇ ಆಗಿದ್ದರೆ, ಮೆಷಿನ್ನಿನ ಮೇಲ್ದಾರದ ಟೆನ್ಷನ್ (ದಾರದ ಬಿಗಿತ) ಸಡಿಲವಿತ್ತು. ಅದು ಹೊಲಿದವರ ಹೊಣೆ. ಉಗುರಿನಿಂದ ಮೀಟಿ ನೋಡಿ. ಬಾಬಿನ್ ದಾರ (ಮೆಷಿನ್ನಿನ ಕೆಳಗಿನ ಸುರುಳಿಯಿಂದ ಬರುವ ದಾರ) ತಂತಿಯಂತೆ ನೆಟ್ಟಗೆ ಮಲಗಿದ್ದು, ಎಳೆದರೆ ಸರ್ರನೆ ಬಂದರೆ ಆ ಹೊಲಿಗೆ ನಿಲ್ಲುವುದಿಲ್ಲ. ಅಂಚಿನ ಅಲೆ ಮಾತ್ರ ಬೇರೆ ಲೆಕ್ಕ. ಅಂಚಿನ ಪಟ್ಟಿಯನ್ನು ಅಳೆದು ಕತ್ತರಿಸದೆ ಹಾಗೇ ಜೋಡಿಸುತ್ತ ಹೋಗಿದ್ದರೂ ಹೀಗಾಗುತ್ತದೆ, ಕೌದಿಯ ನಡುಭಾಗದಲ್ಲಿ ಹೊಲಿಗೆ ದಟ್ಟವಾಗಿ ಅಂಚಲ್ಲಿ ವಿರಳವಾದರೂ ಆಗುತ್ತದೆ. ಫೋಟೋ ನೋಡದೆ ಯಾವುದೆಂದು ಹೇಳಲಾರೆ.

ಸದ್ಯಕ್ಕೆ ಒಗೆಯಬೇಡಿ, ಒಂದು ಹೊಲಿಗೆಯನ್ನೂ ಬಿಚ್ಚಬೇಡಿ. ನೀವು ಕೈ ಹಾಕಿದರೆ ತಪ್ಪು ಯಾರದೆಂಬ ವಾದ ಶುರುವಾಗುತ್ತದೆ. ದೋಷವಿದ್ದಲ್ಲೆಲ್ಲ ಸೇಫ್ಟಿ ಪಿನ್ ಚುಚ್ಚಿ, ಸ್ಕೇಲ್ ಇಟ್ಟು ಫೋಟೋ ತೆಗೆದು ಹೊಲಿದವರಿಗೆ ಕಳುಹಿಸಿ. ‘ಚೆನ್ನಾಗಿಲ್ಲ’ ಅನ್ನಬೇಡಿ, ಅದಕ್ಕೆ ಉತ್ತರವೇ ಇರುವುದಿಲ್ಲ. ‘ಪಿನ್ ಇರುವ ಇಷ್ಟು ಜಾಗ ಬಿಚ್ಚಿ ಮತ್ತೆ ಹೊಲಿದು ಇಂಥ ದಿನ ಕೊಡಿ’ ಎಂದು ಬರೆಯಿರಿ. ಒಪ್ಪದಿದ್ದರೆ ಅಷ್ಟು ಭಾಗದ ಕೂಲಿ ವಾಪಸ್ ಕೇಳಿ.

ನೀವೇ ಬಿಚ್ಚುವ ಹಾಗಾದರೆ ಹಿಂಬದಿಯಲ್ಲಿ 4–5 ಹೊಲಿಗೆಗೊಂದರಂತೆ ದಾರ ಕತ್ತರಿಸಿ, ಮುಂಬದಿಯ ದಾರ ಎಳೆಯಿರಿ. ಉಳಿದ ಸೂಜಿತೂತಿನ ಮೇಲೆ ನೀರು ಚಿಮುಕಿಸಿ ಉಗುರಿನಿಂದ ಉಜ್ಜಿದರೆ ಎಳೆಗಳು ಕೂಡಿಕೊಳ್ಳುತ್ತವೆ. ಬಾಟಿಕ್‌ನಂಥ (ಮೇಣ ಬಳಸಿ ಬಣ್ಣ ಹಾಕಿದ ಬಟ್ಟೆ) ಬಿಗಿ ನೇಯ್ಗೆಯಲ್ಲಿ ಅಷ್ಟು ಸುಲಭಕ್ಕೆ ಮುಚ್ಚುವುದಿಲ್ಲ.