ಗೆಳತಿ ಅಂದ ‘ಬಾಯಿಬಡುಕಿ’ ಬೈಗುಳವೇ?

ಗೆಳತಿ ಕೆಲಸ ಬಿಡುವ ವಿಷಯವನ್ನು ನೀವು ಊಟದ ಹೊತ್ತಿನಲ್ಲಿ ಸಹೋದ್ಯೋಗಿಗಳ ಮುಂದೆ ಹೇಳಿದಿರಿ, ಆ ಗೆಳತಿ ನಿಮ್ಮನ್ನು ‘ಬಾಯಿಬಡುಕಿ’ ಎಂದರು. ಅದು ‘ಮಾತುಗಾತಿ’ ಎಂಬಷ್ಟೇ ಅರ್ಥವೇ ಎಂದು ಕೇಳಿದ್ದೀರಿ. ಅಲ್ಲ. ಮಾತುಗಾತಿ ಮೆಚ್ಚುಗೆಯ ಪದ, ಬಾಯಿಬಡುಕಿ ಆಕ್ಷೇಪದ ಪದ.

ಪದದ ರಚನೆಯೇ ಇದನ್ನು ಹೇಳುತ್ತದೆ. ‘ಕುಡಿ’ಯಿಂದ ಕುಡುಕ, ‘ತಿರಿ’ಯಿಂದ ತಿರುಕ ಆದಂತೆ ‘ಬಡಿ’ಯಿಂದ ಬಡುಕ. ಮಾಡಿದ್ದನ್ನೇ ಮಾಡುವ, ಬಿಡಲಾಗದ ಚಾಳಿಯ ಛಾಯೆ ಇಂಥ ಪದಗಳಿಗೆ ಅಂಟಿಕೊಂಡಿದೆ. ಎಷ್ಟು ಚೊಕ್ಕವಾದ ಅಚ್ಚಗನ್ನಡ ಪದ! ಸಂಸ್ಕೃತ ಮೂಲದ ‘ವಾಚಾಳಿ’ಗೆ ಇಷ್ಟು ಬಿಸಿ ಇಲ್ಲ, ಅದು ಮುಖ್ಯವಾಗಿ ಅತಿಯಾಗಿ ಮಾತನಾಡುವವರನ್ನು ಸೂಚಿಸುತ್ತದೆ.

ಆದರೆ ಬಾಯಿಬಡುಕಿ ಎನ್ನುವುದರಲ್ಲಿ ಕೆಡುಕಿನ ಆರೋಪವಿಲ್ಲ, ಇದು ಮುಖ್ಯ. ಬೇಕೆಂದೇ ಒಬ್ಬರ ಮಾತನ್ನು ಇನ್ನೊಬ್ಬರಿಗೆ ಮುಟ್ಟಿಸಿ ಜಗಳ ತಂದಿಡುವವರು ಚಾಡಿಕೋರರು. ಬಾಯಿಬಡುಕರಿಗೆ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ, ಅಷ್ಟೇ. ನಿಮ್ಮ ಗೆಳತಿ ಈ ಎರಡರಲ್ಲಿ ಹಗುರವಾದದ್ದನ್ನೇ ಆರಿಸಿದ್ದಾರೆ ಎಂದು ನನಗೆ ಅನಿಸುತ್ತದೆ.

ಬೆಂಗಳೂರಿನ ನಮ್ಮ ಮನೆಯಲ್ಲಿ ಅಜ್ಜಿ ಮೊಮ್ಮಕ್ಕಳನ್ನು ಮುದ್ದಿನಿಂದಲೇ ಹೀಗೆ ಕರೆಯುತ್ತಿದ್ದರು. ಕಚೇರಿಯಲ್ಲಿ, ಅದೂ ಗುಟ್ಟು ರಟ್ಟಾದ ಮೇಲೆ, ಅದು ಮುದ್ದಿನ ಮಾತಾಗಿರಲಾರದು. ನಿಮ್ಮ ಗೆಳತಿ ನಿಜವಾಗಿಯೂ ನೊಂದಿದ್ದಾರೆ. ಇಂದೇ ಹೋಗಿ, ಯಾರ್‍ಯಾರಿಗೆ ಹೇಳಿದಿರಿ ಎಂಬುದನ್ನು ಮುಚ್ಚಿಡದೆ ತಿಳಿಸಿ ಕ್ಷಮೆ ಕೇಳಿ.