ಗೊಬ್ಬರದ ಡಬ್ಬ ನಾರುತ್ತಿದೆಯಾ? ಮೊದಲು ಒಣ ಎಲೆ ಹುಡುಕಿ

ನಿಮ್ಮ ಪ್ರಶ್ನೆ ಹೀಗಿದೆ: ‘ಅಪಾರ್ಟ್‌ಮೆಂಟಿನಲ್ಲಿ ಇದ್ದೇವೆ, ಒಂದು ಚಿಕ್ಕ ಬಾಲ್ಕನಿ ಬಿಟ್ಟರೆ ಜಾಗ ಇಲ್ಲ. ಅಡುಗೆಮನೆಯ ಕಸದಿಂದ ಉಪಯೋಗಕ್ಕೆ ಬರುವಂಥದ್ದು ಏನೇನು ಮಾಡಬಹುದು? ಒಮ್ಮೆ ಗೊಬ್ಬರ ಮಾಡಲು ಹೋಗಿ, ಹುಳ ಬಿದ್ದು, ವಾಸನೆ ಬಂದು, ಡಬ್ಬಕ್ಕೆ ಮುಚ್ಚಳ ಹಾಕಿ ಮೂಲೆಗೆ ಇಟ್ಟಿದ್ದೇನೆ.’

ನಾನೂ ಬೆಂಗಳೂರಿನಲ್ಲಿ ಎರಡನೇ ಮಹಡಿಯಲ್ಲಿ ಇರುವವಳು. ಒಂಬತ್ತು ವರ್ಷದಿಂದ ನಮ್ಮ ಮನೆಯ ಹಸಿ ಕಸ ಗಾಡಿಗೆ ಹೋಗಿಲ್ಲ. ನಾಲ್ಕು ಜನಕ್ಕೆ ದಿನಕ್ಕೆ ಹೆಚ್ಚುಕಮ್ಮಿ ಒಂದು ಕೆಜಿ ಆಗುತ್ತದೆ. ಆ ಮೂಲೆಯ ಡಬ್ಬ ದಯವಿಟ್ಟು ಬಿಸಾಡಬೇಡಿ, ಅದು ಸರಿಹೋಗುತ್ತದೆ. ಅದರ ವಿಷಯಕ್ಕೆ ಬರುತ್ತೇನೆ.

ನನ್ನ ಅಜ್ಜಿಯ ಮನೆ ಸಾಗರದ ಹತ್ತಿರ. ಅಲ್ಲಿ ‘ಕಸದಿಂದ ಏನು ಮಾಡುವುದು’ ಅಂತ ಯಾರೂ ಕೇಳುತ್ತಿರಲಿಲ್ಲ. ಅಕ್ಕಿ ತೊಳೆದ ನೀರು, ತರಕಾರಿ ಸಿಪ್ಪೆ, ಉಳಿದ ಗಂಜಿ ಎಲ್ಲ ಕಲಗಚ್ಚಿನ ಬಾನಿಗೆ. ಕಲಗಚ್ಚು ಹಸುವಿಗೆ. ಸಗಣಿ, ಕೊಟ್ಟಿಗೆಯ ಸೊಪ್ಪು ಗೊಬ್ಬರದ ಗುಂಡಿಗೆ. ಗುಂಡಿಯದ್ದು ಅಡಿಕೆ ತೋಟಕ್ಕೆ. ಪೇಟೆ ಮನೆಯಲ್ಲಿ ನಮಗೆ ಇಲ್ಲದೇ ಇರುವುದು ಆ ಹಸು. ಅದರ ಕೆಲಸವನ್ನು ಈಗ ಗೊಬ್ಬರದ ಮಡಕೆ ಮಾಡಬೇಕು. ಹಾಗಾಗಿ ಮಡಕೆಯನ್ನು ಕಸದ ಬುಟ್ಟಿ ಅಂದುಕೊಳ್ಳಬೇಡಿ, ಹಸು ಅಂದುಕೊಳ್ಳಿ. ಬರೀ ಹಸಿ ಸೊಪ್ಪು ಹಾಕಿದರೆ ಹಸುವಿನ ಹೊಟ್ಟೆ ಕೆಡುತ್ತದೆ ಅಲ್ವಾ? ಜೊತೆಗೆ ಒಣಹುಲ್ಲು ಬೇಕು. ನಿಮ್ಮ ಡಬ್ಬದ ಹೊಟ್ಟೆ ಕೆಟ್ಟಿರುವುದೂ ಒಣಹುಲ್ಲಿಲ್ಲದೇ.

ತರಕಾರಿ ಸಿಪ್ಪೆಯಲ್ಲಿ ಮುಕ್ಕಾಲು ಪಾಲಿಗಿಂತ ಜಾಸ್ತಿ ನೀರೇ. ಅದನ್ನಷ್ಟೇ ತುಂಬಿಸಿದರೆ ನೀರು ಕೆಳಗಿಳಿದು, ಎಲ್ಲ ಒತ್ತಿ ಕೂತು, ಒಳಗೆ ಗಾಳಿ ಆಡುವುದಿಲ್ಲ. ಗಾಳಿ ಬೇಕಾದ ಸೂಕ್ಷ್ಮಜೀವಿಗಳು ಹಿಂದೆ ಬೀಳುತ್ತವೆ, ಗಾಳಿ ಬೇಡದವು ಸೇರಿಕೊಳ್ಳುತ್ತವೆ. ಆ ಕೊಳೆತ ಮೊಟ್ಟೆಯಂಥ ವಾಸನೆ ಅವುಗಳದ್ದು. ಸಾರಜನಕ 1 ಪಾಲಿಗೆ ಇಂಗಾಲ 25ರಿಂದ 30 ಪಾಲು ಇದ್ದರೆ ಗೊಬ್ಬರ ಚೆನ್ನಾಗಿ ಆಗುತ್ತದೆ. ಸಿಪ್ಪೆಯಲ್ಲಿ ಇಂಗಾಲ ಸಾಲದು, ಒಣ ಎಲೆಯಲ್ಲಿ ಧಾರಾಳ. ಅಡುಗೆಮನೆ ಅಳತೆಯಲ್ಲಿ ಹೇಳುವುದಾದರೆ, ಒಂದು ಬಟ್ಟಲು ಹಸಿ ಕಸಕ್ಕೆ ಒಂದೂವರೆ ಬಟ್ಟಲು ಪುಡಿ ಮಾಡಿದ ಒಣ ಎಲೆ. ಮಳೆಗಾಲದಲ್ಲಿ ಎರಡು ಬಟ್ಟಲು.

ಎಲೆ ಎಲ್ಲಿ ಸಿಗುತ್ತದೆ? ಜನವರಿಯಿಂದ ಮಾರ್ಚ್‌ವರೆಗೆ ನಮ್ಮ ರಸ್ತೆಯ ತುಂಬ ಹೊಂಗೆ ಮತ್ತು ಮಳೆಮರದ ಎಲೆ. ರಸ್ತೆ ಗುಡಿಸುವ ಅಕ್ಕನಿಗೆ ಖಾಲಿ ಅಕ್ಕಿ ಚೀಲ ಕೊಟ್ಟಿರುತ್ತೇನೆ, ಅವರು ತುಂಬಿ ಗೇಟಿನ ಹತ್ತಿರ ಇಡುತ್ತಾರೆ. ಇಲ್ಲದಿದ್ದರೆ ಅದೆಷ್ಟೋ ಎಲೆ ರಸ್ತೆ ಬದಿಯಲ್ಲೇ ಬೆಂಕಿಗೆ ಹೋಗುತ್ತದೆ, ಆ ಹೊಗೆಯನ್ನು ನಾವೇ ಕುಡಿಯುತ್ತೇವೆ. ವರ್ಷಕ್ಕೆ ಹನ್ನೆರಡು ಚೀಲ ಕೂಡಿಟ್ಟರೆ ನಮಗೆ ಸಾಕು. ಟೆರೇಸಿನಲ್ಲಿ ನೀರಿನ ಟ್ಯಾಂಕಿನ ಕೆಳಗೆ ಪೇರಿಸಿಟ್ಟಿದ್ದೇವೆ. ಎಲೆ ಸಿಗದಿದ್ದರೆ ನರ್ಸರಿಯಲ್ಲಿ ಕೋಕೋಪೀಟ್, ಅಂದರೆ ತೆಂಗಿನ ನಾರಿನ ಪುಡಿಯನ್ನು ಒತ್ತಿ ಮಾಡಿದ ಇಟ್ಟಿಗೆ ಸಿಗುತ್ತದೆ. ಬಡಗಿಯ ಅಂಗಡಿಯ ಮರದ ಪುಡಿಯೂ ಆಗುತ್ತದೆ, ಆದರೆ ಪ್ಲೈವುಡ್ ಕೊಯ್ದ ಪುಡಿ ಬೇಡ, ಅದರಲ್ಲಿ ಅಂಟು ಇರುತ್ತದೆ.

ಪಾತ್ರೆ ಯಾವುದಾದರೂ ಆದೀತು. ಗಾಳಿ ಆಡಬೇಕು, ಅಷ್ಟೇ. 2006ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಡೈಲಿ ಡಂಪ್‌ನವರ ‘ಕಂಬ’ ಅಂತ ಇದೆ, ಮೂರು ಮಣ್ಣಿನ ಮಡಕೆ ಒಂದರ ಮೇಲೊಂದು ಕೂರುವಂಥದ್ದು. ನಾನು ಶುರು ಮಾಡಿದ್ದು 20 ಲೀಟರಿನ ಪೇಂಟ್ ಬಕೆಟ್ಟಿಗೆ ತೂತು ಕೊರೆದು. ಕೊಳ್ಳುವ ಮುಂಚೆ ಕಣ್ಣಾರೆ ನೋಡಬೇಕು ಅನಿಸಿದರೆ ಎಚ್‌ಎಸ್‌ಆರ್ ಲೇಔಟಿನ ಸ್ವಚ್ಛಾಗ್ರಹ ಕಲಿಕಾ ಕೇಂದ್ರಕ್ಕೆ ಒಮ್ಮೆ ಹೋಗಿಬನ್ನಿ. ಬೇರೆ ಬೇರೆ ಥರದ ಗೊಬ್ಬರದ ಡಬ್ಬಗಳು ಅಲ್ಲಿವೆ.

ಹುಳದ ಬಗ್ಗೆ ಹೆದರಬೇಡಿ ಅಂತ ಹೇಳುವುದು ಸುಲಭ, ಮೊದಲ ಸಲ ಮುಚ್ಚಳ ತೆಗೆದಾಗ ನನಗೂ ಕೈ ಹಿಂದಕ್ಕೆ ಬಂದಿತ್ತು. ಚಪ್ಪಟೆಯಾಗಿ, ಮೈಮೇಲೆ ಬಳೆ ಜೋಡಿಸಿದ ಹಾಗೆ ಗೆರೆ ಇದ್ದು, ಬೂದು ಇಲ್ಲವೇ ಕಂದು ಬಣ್ಣ ಇದ್ದರೆ ಅದು ಬ್ಲ್ಯಾಕ್ ಸೋಲ್ಜರ್ ಫ್ಲೈ ಅನ್ನುವ ನೊಣದ ಮರಿ. ಮನೆ ನೊಣದ ಹಾಗೆ ಅದು ಬಂದು ನಮ್ಮ ಊಟದ ಮೇಲೆ ಕೂರುವುದಿಲ್ಲ. ಅದರ ಮರಿಗಳು ನಮ್ಮ ಕಸವನ್ನು ನಮಗಿಂತ ಬೇಗ ತಿಂದು ಮುಗಿಸುತ್ತವೆ. ತೀರಾ ಜಾಸ್ತಿ ಆದರೆ ಡಬ್ಬದಲ್ಲಿ ನೀರು ಜಾಸ್ತಿ ಆಗಿದೆ ಅಂತ ಅರ್ಥ. ಎರಡು ಹಿಡಿ ಎಲೆ ಸೇರಿಸಿ ಕಲಕಿ. ಬೇಕಿದ್ದರೆ ಒಂದಷ್ಟು ಹುಳ ತೆಗೆದು ಟೆರೇಸಿನಲ್ಲಿಡಿ, ಗೊರವಂಕಗಳು ನೋಡಿಕೊಳ್ಳುತ್ತವೆ.

ಇಷ್ಟು ಹೇಳಿದರೂ ನನ್ನ ಮಟ್ಟಿಗೆ ಗೊಬ್ಬರ ಕೊನೆಯ ಮೆಟ್ಟಿಲು. ಅದಕ್ಕೂ ಮುಂಚೆ ಸಿಪ್ಪೆಗೆ ಬೇರೆ ಕೆಲಸ ಇದೆ.

ಮೊದಲನೆಯದು ಊಟವೇ. ಹೀರೇಕಾಯಿ ಸಿಪ್ಪೆ ಚಟ್ನಿ ನಿಮಗೆ ಗೊತ್ತೇ ಇರುತ್ತದೆ. ಕಲ್ಲಂಗಡಿಯ ಬಿಳಿ ಭಾಗವನ್ನು ನೆನೆಸಿದ ಅಕ್ಕಿ ಜೊತೆ ರುಬ್ಬಿದರೆ ತೆಳ್ಳಗೆ, ಮೆತ್ತಗೆ ದೋಸೆ ಆಗುತ್ತದೆ, ರುಬ್ಬಲು ನೀರೇ ಬೇಡ. ಒಣಗಿಸಿಟ್ಟ ದಾಳಿಂಬೆ ಸಿಪ್ಪೆಯ ಒಂದು ಚೂರು, ಜೀರಿಗೆ, ನಾಲ್ಕು ಕಾಳುಮೆಣಸು ತುಪ್ಪದಲ್ಲಿ ಹುರಿದು, ಕಾಯಿ ಜೊತೆ ರುಬ್ಬಿ ಮಜ್ಜಿಗೆಗೆ ಹಾಕಿದರೆ ತಂಬುಳಿ. ಕಿತ್ತಳೆ ಸಿಪ್ಪೆ ಗೊಜ್ಜು ಮಾತ್ರ ಸ್ವಲ್ಪ ವಿವರವಾಗಿ ಹೇಳುತ್ತೇನೆ, ನಮ್ಮ ಮನೆಯಲ್ಲಿ ಅದು ಹಬ್ಬದಡುಗೆಯಷ್ಟೇ ಇಷ್ಟ. ಎರಡು ಹಣ್ಣಿನ ಸಿಪ್ಪೆ ಉಪ್ಪುನೀರಿನಲ್ಲಿ ಚೆನ್ನಾಗಿ ತೊಳೆದು, ಒಳಗಿನ ಬಿಳಿ ನಾರು ಕೆರೆದು ತೆಗೆಯಿರಿ, ಇಲ್ಲದಿದ್ದರೆ ಕಹಿ. ಸಣ್ಣಗೆ ಹೆಚ್ಚಿ. ಎಣ್ಣೆ ಸ್ವಲ್ಪ ಜಾಸ್ತಿಯೇ ಹಾಕಿ, ಸಾಸಿವೆ, ಇಂಗು, ಕರಿಬೇವಿನ ಒಗ್ಗರಣೆಯಲ್ಲಿ ಸಿಪ್ಪೆ ಬಾಡುವ ತನಕ ಹುರಿಯಿರಿ. ಆಮೇಲೆ ನಿಂಬೆ ಗಾತ್ರದ ಹುಣಸೆಹಣ್ಣಿನ ರಸ, ಅದರ ಎರಡರಷ್ಟು ಬೆಲ್ಲ, ಉಪ್ಪು, ಎರಡು ಚಮಚ ಸಾರಿನ ಪುಡಿ. ಸಣ್ಣ ಉರಿಯಲ್ಲಿ ಕುದಿಯಲಿ. ಅಂಚಿನಲ್ಲಿ ಎಣ್ಣೆ ಬಿಟ್ಟಾಗ ಇಳಿಸಿ. ಬಿಸಿ ಅನ್ನಕ್ಕೆ ಕಲಸಿಕೊಂಡು ತಿನ್ನಿ.

ತಿನ್ನಲು ಆಗದ ನಿಂಬೆ, ಮೂಸಂಬಿ ಸಿಪ್ಪೆಗಳು ಬಯೋ ಎಂಜೈಮಿಗೆ, ಅಂದರೆ ಸಿಪ್ಪೆಯನ್ನು ಬೆಲ್ಲದ ನೀರಿನಲ್ಲಿ ಹುಳಿ ಬರಿಸಿ ಮಾಡುವ ಕ್ಲೀನರಿಗೆ. ಬೆಲ್ಲ 100 ಗ್ರಾಂ, ಸಿಪ್ಪೆ 300 ಗ್ರಾಂ, ನೀರು 1 ಲೀಟರ್. ಪ್ಲಾಸ್ಟಿಕ್ ಬಾಟಲಿಯಲ್ಲಿ ಮುಕ್ಕಾಲು ಮಾತ್ರ ತುಂಬಿಸಿ. ಮೊದಲ ಒಂದು ತಿಂಗಳು ದಿನಾ ಒಮ್ಮೆ ಮುಚ್ಚಳ ಸಡಿಲಿಸಿ ಗ್ಯಾಸ್ ಬಿಡಬೇಕು. ಇದನ್ನು ಒತ್ತಿ ಹೇಳುತ್ತೇನೆ: ಗಾಜಿನ ಬಾಟಲಿ ಬೇಡವೇ ಬೇಡ. ನಾನು ಗಾಜಿನದ್ದರಲ್ಲಿ ಇಟ್ಟು ಮೂರು ದಿನ ಊರಿಗೆ ಹೋಗಿ ಬಂದಾಗ ಅಡುಗೆಮನೆಯ ತುಂಬ ಗಾಜಿನ ಚೂರು. ಮನೆಯಲ್ಲಿ ಯಾರೂ ಇರಲಿಲ್ಲ, ಅದೇ ಪುಣ್ಯ. ಮೂರು ತಿಂಗಳಿಗೆ ಸೋಸಿದರೆ ತಿಳಿ ಕಂದು ಬಣ್ಣದ, ಹುಳಿ ವಾಸನೆಯ ನೀರು ಸಿಗುತ್ತದೆ. ಅರ್ಧ ಬಕೆಟ್ ನೀರಿಗೆ 50 ಎಂಎಲ್ ಹಾಕಿ ನೆಲ ಒರೆಸುತ್ತೇನೆ. ಬಚ್ಚಲಿನ ನಲ್ಲಿಯ ಮೇಲೆ ಕಟ್ಟಿದ ಬೋರ್‌ವೆಲ್ ನೀರಿನ ಬಿಳಿ ಕಲೆಗೆ ಹಾಗೇ ಹಚ್ಚಿ ಹತ್ತು ನಿಮಿಷ ಬಿಟ್ಟು ಉಜ್ಜುತ್ತೇನೆ. ಕುದಿಸಿದ ಅಂಟುವಾಳದ ರಸದ ಜೊತೆ ಸೇರಿಸಿದರೆ ಪಾತ್ರೆಗೂ ಆಗುತ್ತದೆ.

ಆದರೆ ಇದರ ಬಗ್ಗೆ ಅತಿಯಾಗಿ ಹೇಳುವವರನ್ನು ನಂಬಬೇಡಿ. ಇದು ಹೆಚ್ಚುಕಮ್ಮಿ ವಿನೆಗರ್ ಥರದ್ದು. ಕಾಯಿಲೆಯವರು ಇರುವ ಕೋಣೆಗೆ, ಹಸಿ ಮಾಂಸ ಹೆಚ್ಚಿದ ಹಲಗೆಗೆ ಇದು ಸಾಲದು. ಮಾರ್ಬಲ್, ಶಹಾಬಾದ್, ಕಡಪ ಕಲ್ಲಿನ ಮೇಲೆ ಹಾಗೇ ಸುರಿಯಬೇಡಿ. ಅವೆಲ್ಲ ಸುಣ್ಣದ ಅಂಶದ ಕಲ್ಲು, ಹುಳಿ ತಾಗಿದರೆ ಹೊಳಪು ಹೋಗುತ್ತದೆ. ಬ್ಲೀಚಿಂಗ್ ಪೌಡರ್ ಜೊತೆಗಂತೂ ಸೇರಿಸಲೇಬಾರದು, ವಿಷದ ಕ್ಲೋರಿನ್ ಗ್ಯಾಸ್ ಬರುತ್ತದೆ.

ಇದೆಲ್ಲ ಸುಮ್ನೆ ಹವ್ಯಾಸಕ್ಕೆ ಅಂತ ನಾನು ಮಾಡುತ್ತಿಲ್ಲ. ನಮ್ಮ ಬೆಂಗಳೂರಿನ ಕಸ ವರ್ಷಗಟ್ಟಲೆ ಊರಾಚೆಯ ಹಳ್ಳಿಗಳಾದ ಮಂಡೂರಿಗೆ, ಮಾವಳ್ಳಿಪುರಕ್ಕೆ ಹೋಗಿ ಬಿದ್ದಿದೆ. ಅಲ್ಲಿನ ಬಾವಿ ನೀರು ಕೆಟ್ಟಿತು, ಜನ ಕಾಯಿಲೆ ಬಿದ್ದರು. ಮಂಡೂರಿನವರು 2014ರಲ್ಲಿ ರಸ್ತೆಗೆ ಇಳಿದ ಮೇಲೆಯೇ ಅಲ್ಲಿಗೆ ಲಾರಿ ಹೋಗುವುದು ನಿಂತಿದ್ದು. 2015ರ ಡಿಸೆಂಬರಿನಲ್ಲಿ ಹೈಕೋರ್ಟ್ ಪ್ರತಿ ಮನೆಯಲ್ಲೂ ಕಸವನ್ನು ಮೂರಾಗಿ ಬೇರೆ ಮಾಡಬೇಕು ಅಂತ ಹೇಳಿತು. ನಾನು ನಿಂಬೆ ಸಿಪ್ಪೆ ಹಿಂಡಿ ಬಿಸಾಡಿದ್ದೂ ಯಾರದೋ ಬಾವಿಯ ಹತ್ತಿರ ಹೋಗಿ ಬಿದ್ದಿತ್ತು ಅನ್ನುವುದು ನನಗೆ ಇವತ್ತಿಗೂ ಸಂಕಟ.

ಈಗ ನಿಮ್ಮ ಡಬ್ಬಕ್ಕೆ ಬರೋಣ. ಬೆಳಗ್ಗೆ ಬಿಸಿಲು ಇರುವಾಗ ಹಳೇ ಪೇಪರ್ ಹಾಸಿ, ಬಾಲ್ಕನಿಯಲ್ಲೇ ಎಲ್ಲ ಸುರಿಯಿರಿ. ಅರ್ಧ ಗಂಟೆ ವಾಸನೆ ಇರುತ್ತದೆ, ತಡೆದುಕೊಳ್ಳಿ. ತಳದಲ್ಲಿ ನಿಂತ ಕಪ್ಪು ನೀರನ್ನು ಹತ್ತರಷ್ಟು ನೀರು ಬೆರೆಸಿ ಹೂವಿನ ಗಿಡಗಳಿಗೆ ಹಾಕಿ. ಸೊಪ್ಪು ತರಕಾರಿ ಗಿಡಕ್ಕೆ ಬೇಡ. ಡಬ್ಬದ ತಳದಲ್ಲಿ, ಪಕ್ಕದಲ್ಲಿ ತೂತು ಮಾಡಿ. ತಳಕ್ಕೆ ನಾಲ್ಕು ಬೆರಳು ದಪ್ಪ ಎಲೆ, ಅದರ ಮೇಲೆ ಸುರಿದದ್ದಕ್ಕೆ ಅಷ್ಟೇ ಪ್ರಮಾಣದ ಎಲೆಪುಡಿ ಕಲಸಿ ತುಂಬಿಸಿ. ಒಂದು ಲೋಟ ಹುಳಿ ಮಜ್ಜಿಗೆ ಚಿಮುಕಿಸಿ, ಮೇಲೆ ಮತ್ತೆ ಎಲೆ ಹೊದಿಸಿ. ಒಂದು ವಾರ ಹೊಸ ಕಸ ಏನೂ ಹಾಕಬೇಡಿ. ಎರಡು ದಿನಕ್ಕೊಮ್ಮೆ ಕೋಲಿನಿಂದ ಬುಡದಿಂದ ಮೇಲಕ್ಕೆ ಕಲಕಿ.

ಆಮೇಲೆ ಒಂದು ಹಿಡಿ ತೆಗೆದು ಮುಷ್ಟಿಯಲ್ಲಿ ಗಟ್ಟಿಯಾಗಿ ಹಿಂಡಿ. ಬೆರಳ ಸಂದಿಯಿಂದ ನೀರು ತೊಟ್ಟಿಕ್ಕಿದರೆ ಇನ್ನೂ ಎಲೆ ಬೇಕು. ಕೈ ಬಿಚ್ಚಿದಾಗ ಪುಡಿಪುಡಿಯಾಗಿ ಉದುರಿಹೋದರೆ ಸ್ವಲ್ಪ ನೀರು ಚಿಮುಕಿಸಿ. ಉಂಡೆ ನಿಂತು, ಅಂಗೈ ಬರೀ ತೇವ ಆದರೆ ಸರಿ ಇದೆ. ಅವತ್ತಿನಿಂದ ದಿನದ ಸಿಪ್ಪೆ ಹಾಕುತ್ತಾ ಹೋಗಿ. ಉಳಿದ ಸಾರನ್ನ ಆದರೆ ನೀರು ಬಸಿದು ಗಟ್ಟಿ ಮಾತ್ರ ಹಾಕಿ, ಮಾಂಸ ಮೂಳೆ ಬೇಡ. ತುಂಬಿದ ಮೇಲೆ ಎರಡು ತಿಂಗಳು ಮುಟ್ಟದೇ ಬಿಟ್ಟರೆ ಕಪ್ಪಗೆ, ಮೊದಲ ಮಳೆ ಬಿದ್ದ ಮಣ್ಣಿನ ವಾಸನೆಯ ಗೊಬ್ಬರ ಸಿಗುತ್ತದೆ. ಕುಂಡದ ಮಣ್ಣಿಗೆ ಮೂರರಲ್ಲಿ ಒಂದು ಪಾಲು ಸೇರಿಸಿ. ನಾನು ಅದರಲ್ಲೇ ದೊಡ್ಡಪತ್ರೆ, ಬಸಳೆ, ಕರಿಬೇವು ಬೆಳೆಯುತ್ತೇನೆ. ನಿಮ್ಮ ಬಾಲ್ಕನಿಗೆ ಬಿಸಿಲು ಕಡಿಮೆ ಅನ್ನುವುದಾದರೆ ದೊಡ್ಡಪತ್ರೆಯಿಂದ ಶುರು ಮಾಡಿ, ಒಂದು ಕಡ್ಡಿ ನೆಟ್ಟರೆ ಸಾಕು. ಹಿಂಡಿ ನೋಡಿದಾಗ ಹೇಗಿತ್ತು ಅಂತ ಇಲ್ಲೇ ಕೆಳಗೆ ಬರೆಯಿರಿ, ಮುಂದೇನು ಮಾಡಬೇಕು ಅಂತ ಹೇಳುತ್ತೇನೆ.